ಪರದೆ ಬಂತು, ಮೇಷ್ಟ್ರ ಹೊತ್ತು ಎಲ್ಲಿ ಹೋಯಿತು?

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ ರಾಜ್ಯದ ಬೇರೆಲ್ಲ ಕಡೆಯಂತೆ ತುಮಕೂರು, ಗುಬ್ಬಿ, ಕುಣಿಗಲ್‌ನ ಪರೀಕ್ಷಾ ಕೇಂದ್ರಗಳಿಗೂ ಕ್ಯಾಮೆರಾ ಬಂತು. ಮಕ್ಕಳು ಬರೆಯುವುದನ್ನು ಅಧಿಕಾರಿಗಳು ಕಚೇರಿಯಲ್ಲಿ ಕೂತು ವೆಬ್‌ಕಾಸ್ಟಿಂಗ್ ಮೂಲಕ ನೋಡಿದರು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕದ ಮಿತಿ ಹೆಚ್ಚಿಸಿದ ಮೇಲೂ, ಶೇ 73.40ಕ್ಕೆ ಇಳಿಯಿತು. ಮರುವರ್ಷ ಆ ಕೃಪಾಂಕವನ್ನು ಕೈಬಿಟ್ಟಾಗ ಮೊದಲ ಪರೀಕ್ಷೆಯಲ್ಲಿ ಪಾಸಾದವರು ಶೇ 66.14. ಈ ಕುಸಿತದಲ್ಲಿ ನಕಲು ನಿಂತದ್ದು ಎಷ್ಟು, ಕಲಿಕೆ ಸೊರಗಿದ್ದು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೂ ಒಂದು ಲೆಕ್ಕ ಮನಸ್ಸಿನಲ್ಲಿರಬೇಕು. 2024ರಲ್ಲಿ ಹತ್ತನೇ ತರಗತಿ ಬರೆದ ಮಕ್ಕಳು ಏಳನೇ ತರಗತಿಯನ್ನು ಕೋವಿಡ್ ಕಾಲದಲ್ಲಿ, ಬಹುಪಾಲು ಮನೆಯಲ್ಲೇ, ಕಳೆದವರು. ಭಿನ್ನರಾಶಿ, ಬೀಜಗಣಿತದ ಬುಡ ಗಟ್ಟಿಯಾಗಬೇಕಿದ್ದ ವರ್ಷ ಅದು. ಆ ಬುಡ ಅಲುಗಾಡುತ್ತಿದೆ ಎಂಬುದನ್ನು ಮೂರು ವರ್ಷ ಯಾವ ಪರದೆಯೂ ತೋರಿಸಲಿಲ್ಲ; ಕೊನೆಗೆ ಪರೀಕ್ಷಾ ಕೊಠಡಿಯ ಕ್ಯಾಮೆರಾ ತೋರಿಸಿತು. ಮಕ್ಕಳನ್ನು ಕಾವಲು ಕಾಯುವುದಕ್ಕೆ ಇಂಟರ್‌ನೆಟ್ಟನ್ನು ಇಷ್ಟು ಅಚ್ಚುಕಟ್ಟಾಗಿ ಬಳಸಬಲ್ಲ ವ್ಯವಸ್ಥೆ ಕಲಿಸುವುದಕ್ಕೆ ಅದನ್ನು ಹೀಗೆ ಯಾಕೆ ಬಳಸಲಿಲ್ಲ? ನನಗೆ ತೋರುವ ಉತ್ತರ ಇದು: ಶಾಲೆಗೆ ಬೇಕಾದದ್ದು ಪಾಠ ತಲುಪಿಸುವ ಸಾಧನ ಎಂದು ನಾವು ನಂಬಿದೆವು. ಬೇಕಿದ್ದದ್ದು ಒಂದೊಂದು ಮಗುವೂ ಎಲ್ಲಿ ತಡವರಿಸುತ್ತಿದೆ ಎಂದು ನೋಡುವಷ್ಟು ಶಿಕ್ಷಕರ ಹೊತ್ತು. ಆ ಹೊತ್ತನ್ನು ಹೆಚ್ಚಿಸುವ ಆನ್‌ಲೈನ್ ವ್ಯವಸ್ಥೆ ಕೆಲಸ ಮಾಡಿದೆ, ಅದನ್ನು ತಿನ್ನುವಂಥದ್ದು ಎಲ್ಲಿಯೂ ಮಾಡಿಲ್ಲ.

ಕೋವಿಡ್ ಕಾಲದ ಅನುಭವವನ್ನು ಈಗ ಮರೆತವರಂತೆ ಮಾತಾಡುತ್ತೇವೆ, ಆದರೆ ಅದಕ್ಕಿಂತ ದೊಡ್ಡ ಪ್ರಯೋಗ ನಮ್ಮಲ್ಲಿ ನಡೆದಿಲ್ಲ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಯ ಬಾಗಿಲು ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ನಡುವೆ ರಾಜ್ಯ ಸರ್ಕಾರ ಅತ್ತಿತ್ತ ತೂಗಾಡಿತು. 2020ರ ಜೂನ್‌ನಲ್ಲಿ ಸಣ್ಣ ಮಕ್ಕಳಿಗೆ ಆನ್‌ಲೈನ್ ತರಗತಿಯೇ ಬೇಡ ಎಂದಿತು. ಆ ನಿರ್ಬಂಧಕ್ಕೆ ಹೈಕೋರ್ಟ್ ಜುಲೈ 8ರಂದು ತಡೆ ಕೊಟ್ಟಿತು. ಪ್ರೌಢಶಾಲೆಯವರಿಗೆ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು, ಯೂಟ್ಯೂಬಿನಲ್ಲಿ ‘ಮಕ್ಕಳವಾಣಿ’ ಬಂತು. ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಶುರುವಾಯಿತು. ಮನೆಯಲ್ಲಿ ಯಾವ ಸಾಧನ ಇದೆ ಎಂಬುದರ ಮೇಲೆ ಮಕ್ಕಳನ್ನು ಗುಂಪು ಮಾಡಿ, ಏನೂ ಇಲ್ಲದ ಮಕ್ಕಳಿದ್ದಲ್ಲಿಗೆ ಮೇಷ್ಟ್ರೇ ನಡೆದು ಹೋಗುವ ಯೋಜನೆ ಅದು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಮಕ್ಕಳು ಕೂತರು. ಜನ ವಠಾರ ಶಾಲೆ ಎಂದರು. ಸೋಂಕು ಹರಡಿದ್ದರಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ಕಾಲದ ಎಲ್ಲ ಯೋಜನೆಗಳಲ್ಲಿ ನನ್ನ ಲೆಕ್ಕಕ್ಕೆ ಸರಿಯಾದ ದಾರಿಯಲ್ಲಿದ್ದದ್ದು ಇದೊಂದೇ. ಸಾಧನ ಇಲ್ಲದ ಮಗುವಿಗೆ ಸಾಧನ ಕೊಡುವ ಬದಲು ಅದು ಶಿಕ್ಷಕರನ್ನು ಕೊಟ್ಟಿತು.

ಫಲ ಏನಾಯಿತು ಎಂಬುದಕ್ಕೆ ಅಂಕಿಅಂಶ ಸಾಕಷ್ಟಿದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಸರ್ಕಾರಿ ಶಾಲಾ ಮಕ್ಕಳನ್ನು 2021ರ ಜನವರಿ ಹೊತ್ತಿಗೆ ಪರೀಕ್ಷಿಸಿದಾಗ, ಭಾಷೆಯಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡವರು ಶೇ 92, ಗಣಿತದಲ್ಲಿ ಶೇ 82. ಅದೇ ವರ್ಷ ಕರ್ನಾಟಕದ 24 ಜಿಲ್ಲೆಗಳ ಹಳ್ಳಿಗಳಲ್ಲಿ, ಮಕ್ಕಳ ಕಲಿಕೆಯ ಮಟ್ಟವನ್ನು ಅಳೆಯುವ ಅಸರ್ ತಂಡ ನಡೆಸಿದ ಸಮೀಕ್ಷೆಯಲ್ಲಿ, ಎರಡನೇ ತರಗತಿಯ ಪಾಠವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳ ಪ್ರಮಾಣ 2018ರ ಶೇ 19.2ರಿಂದ ಶೇ 9.8ಕ್ಕೆ ಇಳಿದಿತ್ತು. ಸಾಮಾನ್ಯವಾಗಿ ಇಳಿದದ್ದನ್ನು ಮಾತ್ರ ಎಲ್ಲರೂ ಎತ್ತಿ ಹೇಳುತ್ತಾರೆ. ಇಳಿಯುವ ಮುಂಚಿನ ಅಂಕಿಯನ್ನೂ ಒಮ್ಮೆ ನೋಡಬೇಕು. ಶಾಲೆ ಸರಿಯಾಗಿ ನಡೆಯುತ್ತಿದ್ದ ಕಾಲದಲ್ಲೇ ಐವರಲ್ಲಿ ನಾಲ್ವರಿಗೆ ಆ ಮಟ್ಟದ ಓದು ಬರುತ್ತಿರಲಿಲ್ಲ. ಕೋವಿಡ್ ಹುಣ್ಣನ್ನು ಕೆದಕಿತು, ಹುಣ್ಣು ಮೊದಲೇ ಇತ್ತು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಆಗ ಫೋನ್ ಇರಲಿಲ್ಲ, ನೆಟ್‌ವರ್ಕ್ ಇರಲಿಲ್ಲ, ಈಗ ಎರಡೂ ಇವೆಯಲ್ಲ. ನಿಜ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ 2017-18ರಲ್ಲಿ ದೇಶದ ಗ್ರಾಮೀಣ ಮನೆಗಳಲ್ಲಿ ಇಂಟರ್‌ನೆಟ್ ಸೌಲಭ್ಯ ಇದ್ದದ್ದು ಶೇ 14.9ರಲ್ಲಿ ಮಾತ್ರ. ಇವತ್ತು ಆ ಮಾತು ಹಳೆಯದು. 2024ರ ಅಸರ್ ವರದಿಯಲ್ಲಿ 14ರಿಂದ 16 ವಯಸ್ಸಿನ ಗ್ರಾಮೀಣ ಮಕ್ಕಳ ಪೈಕಿ ಶೇ 80ಕ್ಕಿಂತ ಹೆಚ್ಚು ಜನರಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಆದರೆ ಹಿಂದಿನ ವಾರದಲ್ಲಿ ಫೋನನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಸಾಧನದ ಕೊರತೆ ನೀಗಿದರೆ ಕಲಿಕೆಯ ಕೊರತೆಯೂ ನೀಗುತ್ತದೆ ಎಂಬ ನಂಬಿಕೆಗೆ ಈ ಎರಡು ಅಂಕಿಗಳು ಆಸರೆ ಕೊಡುವುದಿಲ್ಲ.

ಈ ನಂಬಿಕೆ ನಮಗೆ ಹೊಸದೂ ಅಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಕೊಡಲಾಯಿತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ವರ್ಷ ಮುಗಿಯಿತು, ಉಪಗ್ರಹ ಹೋಯಿತು, ಪಾಠ ನಿಂತಿತು. 2004ರಲ್ಲಿ ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿದಾಗ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಪ್ರಯೋಗದ ಅಂಗಳವಾದವು. ಈ ಶತಮಾನದ ಆರಂಭದಲ್ಲಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಹೆಸರಿನಲ್ಲಿ ಕಂಪ್ಯೂಟರ್ ಬಂತು, 2016-17ರ ಹೊತ್ತಿಗೆ ತಂತ್ರಜ್ಞಾನದ ನೆರವಿನಿಂದ ಕಲಿಸುವ ‘ಟಾಲ್ಪ್’ ಕಾರ್ಯಕ್ರಮ ಬಂತು. ಪ್ರತಿ ಸಲವೂ ಉದ್ಘಾಟನೆ ಜೋರಾಗಿ ಆಯಿತು. ಯಂತ್ರ ಕೊಳ್ಳುವುದಕ್ಕೆ ಟೆಂಡರ್ ಇರುತ್ತದೆ. ಅದನ್ನು ದಿನವೂ ತೆರೆದು ಮಕ್ಕಳನ್ನು ಕೂರಿಸುವವರ ಸಂಬಳ, ಕೆಟ್ಟರೆ ರಿಪೇರಿ, ಕರೆಂಟು, ಯುಪಿಎಸ್ ಬ್ಯಾಟರಿ ಇವುಗಳಿಗೆ ವರ್ಷವರ್ಷವೂ ಬರುವ ಹಣ ಇರುವುದಿಲ್ಲ. ಹೊರಗಿನವರೂ ಈ ಪಾಠವನ್ನು ದುಬಾರಿ ಬೆಲೆ ತೆತ್ತೇ ಕಲಿತರು. ಪೆರು ದೇಶ ಲಕ್ಷಾಂತರ ಮಕ್ಕಳಿಗೆ ತಲೆಗೊಂದು ಲ್ಯಾಪ್‌ಟಾಪ್ ಹಂಚಿತು. ಹಳ್ಳಿ ಶಾಲೆಗಳಲ್ಲಿ ಅಧ್ಯಯನ ಮಾಡಿದವರಿಗೆ ಸುಮಾರು 15 ತಿಂಗಳ ಮೇಲೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಯಾವ ಏಳಿಗೆಯೂ ಕಾಣಲಿಲ್ಲ.

ಹಾಗಿದ್ದರೆ ತಂತ್ರಜ್ಞಾನವೇ ವ್ಯರ್ಥವೆ? ಅಲ್ಲ. ಕೆಲಸ ಮಾಡಿದ ಎರಡು ಪ್ರಯೋಗಗಳನ್ನು ಪೆರುವಿನ ಪಕ್ಕಕ್ಕೆ ಇಟ್ಟರೆ ವ್ಯತ್ಯಾಸ ಎಲ್ಲಿದೆ ಎಂಬುದು ಕಾಣುತ್ತದೆ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಮಾಧ್ಯಮಿಕ ತರಗತಿಗಳ ಮಕ್ಕಳು ಶಾಲೆ ಬಿಟ್ಟ ಮೇಲೆ ಕೇಂದ್ರಗಳಿಗೆ ಬಂದು ಬಳಸಿದರು. ನಾಲ್ಕೂವರೆ ತಿಂಗಳಲ್ಲೇ ಗಣಿತ, ಹಿಂದಿ ಎರಡರಲ್ಲೂ ಗಣನೀಯವಾಗಿ ಮುಂದೆ ಬಂದರು. ಮಗು ಆರನೇ ತರಗತಿಯಲ್ಲಿದ್ದರೂ ಲೆಕ್ಕ ಮೂರನೆಯದರದ್ದು ಬರುತ್ತಿಲ್ಲವಾದರೆ ತಂತ್ರಾಂಶ ಅಲ್ಲಿಂದಲೇ ಶುರುಮಾಡುತ್ತಿತ್ತು. ಆದರೆ ತೊಂಬತ್ತು ನಿಮಿಷದ ಅವಧಿಯಲ್ಲಿ ಪರದೆಯ ಮುಂದೆ ಕೂರುತ್ತಿದ್ದದ್ದು ಅರ್ಧ ಹೊತ್ತು. ಉಳಿದರ್ಧ ಒಬ್ಬ ಬೋಧಕರ ಎದುರು ಸಣ್ಣ ಗುಂಪಿನಲ್ಲಿ. ಎರಡನೆಯದು ಬೋಟ್ಸ್ವಾನಾದ್ದು. ಕೋವಿಡ್ ಕಾಲದಲ್ಲಿ ಅಲ್ಲಿ ಮೂರರಿಂದ ಐದನೇ ತರಗತಿಯ ಕೆಲವು ಮಕ್ಕಳ ಮನೆಗೆ ವಾರವಾರ ಲೆಕ್ಕಗಳನ್ನು ಎಸ್ಸೆಮ್ಮೆಸ್ ಮಾಡಿದರು. ಇನ್ನು ಕೆಲವರಿಗೆ ಎಸ್ಸೆಮ್ಮೆಸ್ ಜತೆಗೆ ಇಪ್ಪತ್ತು ನಿಮಿಷ ಫೋನ್ ಮಾಡಿ ಮಾತಾಡಿದರು. ಬರೀ ಎಸ್ಸೆಮ್ಮೆಸ್ ಹೋದಲ್ಲಿ ಹೇಳಿಕೊಳ್ಳುವ ಪರಿಣಾಮ ಆಗಲಿಲ್ಲ, ಫೋನ್ ಹೋದಲ್ಲಿ ಮಕ್ಕಳು ಕಲಿತರು. ವಿಡಿಯೊ ಇಲ್ಲ, ಆ್ಯಪ್ ಇಲ್ಲ, ಕೀಪ್ಯಾಡ್ ಫೋನ್ ಸಾಕಾಗಿತ್ತು. ಆ ಕಡೆಯಿಂದ ಒಬ್ಬರು ‘ಎಲ್ಲಿ, ನೀನು ಹೇಗೆ ಕಳೆದೆ ಹೇಳು’ ಎಂದು ಕೇಳುತ್ತಿದ್ದರು, ಅಷ್ಟೇ. ಇದೇ ವಿಧಾನದ ಎಳೆ ಹಿಡಿದು ಕರ್ನಾಟಕದ ಶಿಕ್ಷಣ ಇಲಾಖೆ ‘ಗಣಿತ ಗಣಕ’ವನ್ನು ಶುರುಮಾಡಿದೆ, ಶಿಕ್ಷಕರೇ ಮಕ್ಕಳಿಗೆ ಫೋನ್ ಮಾಡಿ ಲೆಕ್ಕ ಹೇಳಿಕೊಡುತ್ತಾರೆ. ಸ್ಮಾರ್ಟ್ ಬೋರ್ಡ್‌ಗಳ ಉದ್ಘಾಟನೆಯಷ್ಟು ಸುದ್ದಿ ಇದು ಮಾಡಲಿಲ್ಲ.

ಈಗ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಕಡೆ ತಿರುಗೋಣ. ಹಾಗಲವಾಡಿ, ಸಿ.ಎಸ್.ಪುರ, ಹುತ್ರಿದುರ್ಗ, ಅಮೃತೂರು ಹೋಬಳಿಗಳ ಒಳಹಳ್ಳಿಗಳಲ್ಲಿ ಕಿರಿಯ ಪ್ರಾಥಮಿಕ ಶಾಲೆ ಎಂದರೆ ಒಂದರಿಂದ ಐದು ತರಗತಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಸ್ವಲ್ಪ ಅನುಕೂಲ ಇರುವ ಮನೆಗಳು ಮಕ್ಕಳನ್ನು ಹಳದಿ ಬಸ್ಸು ಹತ್ತಿಸಿ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವುದರಿಂದ ಹಾಜರಾತಿ ವರ್ಷವರ್ಷ ಕರಗುತ್ತದೆ, ಕೋಣೆಯಲ್ಲಿ ಎರಡು ಮೂರು ತರಗತಿಗಳು ಒಟ್ಟಿಗೇ ಕೂರುತ್ತವೆ. ಹೀಗೆ ಕೂತ ಮಕ್ಕಳಿಗೆ ಕಲಿಸುವ ಉಪಾಯವನ್ನು ಕರ್ನಾಟಕ ಪರದೆಯಿಲ್ಲದೆಯೇ ಕಂಡುಕೊಂಡಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ‘ನಲಿ-ಕಲಿ’ಯಲ್ಲಿ ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತುತ್ತದೆ, ಕಾರ್ಡು ಹಿಡಿದು ಚಟುವಟಿಕೆ ಮಾಡುತ್ತದೆ, ಮೇಷ್ಟ್ರು ಗುಂಪಿನಿಂದ ಗುಂಪಿಗೆ ಹೋಗುತ್ತಾರೆ. ಇವತ್ತು ಆ್ಯಪ್ ಕಂಪನಿಗಳು ‘ಪ್ರತಿ ಮಗುವಿಗೂ ಅದರದ್ದೇ ಪಾಠ’ ಎಂದು ಮಾರುವುದು ಇದನ್ನೇ. ಇಂಥ ಶಾಲೆಗೆ ಐದಾರು ಟ್ಯಾಬ್ಲೆಟ್ ಬಂದರೆ ನಿಜವಾದ ಉಪಯೋಗವಿದೆ: ನಾಲ್ಕು, ಐದನೆಯವರು ಅರ್ಧ ಗಂಟೆ ಅದರಲ್ಲಿ ಲೆಕ್ಕ ಅಭ್ಯಾಸ ಮಾಡುವಾಗ ಮೇಷ್ಟ್ರು ಒಂದನೆಯವರ ಪಕ್ಕ ಕೂತು ಅಕ್ಷರ ತಿದ್ದಿಸಬಹುದು. ನೆಟ್‌ವರ್ಕ್ ಸಿಗದಿದ್ದರೂ ನಡೆಯುವ, ಕನ್ನಡದಲ್ಲೇ ಇರುವ ಪಾಠ ಅದರೊಳಗೆ ತುಂಬಿರಬೇಕು ಎಂಬುದೊಂದೇ ಷರತ್ತು. ಓದಲು ಬಾರದ ಮಗುವನ್ನು ಪರದೆಯ ಮುಂದೆ ಕೂರಿಸಿದರೆ ಅದು ಚಿತ್ರ ನೋಡುತ್ತದೆ, ಅಷ್ಟೇ.

ಆದರೆ ನಡೆಯುತ್ತಿರುವುದು ತಿರುಗಾಮುರುಗಾ. ಶಾಲೆಯೊಳಗೆ ಅತಿ ಹೆಚ್ಚು ಆನ್‌ಲೈನ್ ಆಗಿರುವವರು ಮಕ್ಕಳಲ್ಲ, ಶಿಕ್ಷಕರು. ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ, ಯುಡೈಸ್‌ನಲ್ಲಿ ಶಾಲೆಯ ವಿವರ, ಬಿಸಿಯೂಟದ ಲೆಕ್ಕ, ತರಬೇತಿ ಮುಗಿಸಿದ ಪುರಾವೆ, ವಾಟ್ಸ್ಆ್ಯಪ್ ಗುಂಪಿಗೆ ಇವತ್ತೇ ಬೇಕಾದ ಫೋಟೊ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಗಣತಿದಾರರನ್ನಾಗಿ ಮಾಡಿ, ಕೆಲಸ ಮುಗಿಯಲಿಲ್ಲವೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆಯಲಾಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬುದು ಬೇರೆ ಚರ್ಚೆ. ಆ ದಿನಗಳಲ್ಲಿ ಖಾಸಗಿ ಶಾಲೆಯ ಮಗು ತರಗತಿಯಲ್ಲಿತ್ತು, ಸರ್ಕಾರಿ ಶಾಲೆಯ ಮಗು ಮನೆಯಲ್ಲಿತ್ತು, ಅದರ ಮೇಷ್ಟ್ರು ಯಾರದೋ ಮನೆಯ ಮುಂದೆ ಮೊಬೈಲ್ ಹಿಡಿದು ಒಟಿಪಿಗೆ ಕಾಯುತ್ತಿದ್ದರು. ಡಿಜಿಟಲ್ ಶಿಕ್ಷಣದ ಬಗ್ಗೆ ಮಾತಾಡುವ ಯಾವ ಸಭೆಯಲ್ಲೂ ಈ ಚಿತ್ರ ಲೆಕ್ಕಕ್ಕೆ ಬರುವುದಿಲ್ಲ.

ತುಮಕೂರು ನಗರದ ಪೋಷಕರಿಗೆ ಇದೆಲ್ಲ ಹಳ್ಳಿಯ ತಾಪತ್ರಯ ಅನ್ನಿಸಬಹುದು. ಅವರ ಮಾತು ಬೇರೆ: ಬೆಂಗಳೂರು ಎಪ್ಪತ್ತು ಕಿಲೊಮೀಟರ್, ಅಲ್ಲಿಯ ಕೋಚಿಂಗ್‌ಗೆ ಮಗುವನ್ನು ಕಳಿಸುವ ಬದಲು ಅದೇ ಪಾಠ ಮನೆಗೇ ಬಂದರೆ ತಪ್ಪೇನು? ತಪ್ಪಿಲ್ಲ. ಪಿಯು ಓದುವ, ಗುರಿ ಗೊತ್ತಿರುವ, ತಾನೇ ಕೂತು ಓದಬಲ್ಲ ಹುಡುಗಿಗೆ ರೆಕಾರ್ಡ್ ಮಾಡಿದ ಪಾಠ ವರವೇ ಸರಿ; ಅರ್ಥವಾಗದ ಕಡೆ ಮೂರು ಸಲ ಹಿಂದಕ್ಕೆ ಸರಿಸಿ ಕೇಳಬಹುದು, ಯಾವ ಮೇಷ್ಟ್ರೂ ಅಷ್ಟು ಸಲ ಹೇಳಲಾರರು. ಆದರೆ ಈ ವ್ಯಾಪಾರದ ಒಳಗಿದ್ದವರೇ ಮುಂದೆ ಏನು ಮಾಡಿದರು ನೋಡಿ. 2022ರಲ್ಲಿ ಶಾಲೆಗಳು ಪೂರ್ತಿ ತೆರೆದ ಕೂಡಲೇ ಬೈಜೂಸ್ ಟ್ಯೂಷನ್ ಕೇಂದ್ರಗಳನ್ನು ತೆರೆಯಿತು, ಅನ್‌ಅಕಾಡೆಮಿ, ಫಿಸಿಕ್ಸ್‌ವಾಲಾ ಕೂಡ ಕಟ್ಟಡ ಹಿಡಿದು ಬೆಂಚು ಹಾಕಿದವು. ಒಂದು ಕಾಲದಲ್ಲಿ 2,200 ಕೋಟಿ ಡಾಲರ್ ಬೆಲೆಬಾಳುತ್ತದೆ ಎನ್ನಿಸಿಕೊಂಡಿದ್ದ ಬೈಜೂಸ್ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅದಕ್ಕೆ ಹಣಕಾಸಿನ ಕಾರಣಗಳು ಬೇರೆ ಇದ್ದವು. ಆದರೆ ಆನ್‌ಲೈನ್ ಮಾರುವವರೇ ಬೆಂಚಿಗೆ ಬಂದದ್ದು ಪೋಷಕರು ಏನನ್ನು ಕೊಳ್ಳಲು ಸಿದ್ಧರಿದ್ದಾರೆ ಎಂಬುದನ್ನು ಹೇಳುತ್ತದೆ. ಶುಲ್ಕ ಕಟ್ಟುವವರು ತಮ್ಮ ಮಗುವಿಗೆ ಎದುರಿಗಿನ ಮೇಷ್ಟ್ರನ್ನು ಕೇಳುತ್ತಾರೆ. ಕಟ್ಟಲಾಗದವರ ಮಗುವಿಗೆ ಪರದೆ ಸಾಕು ಎಂಬ ಸಲಹೆ ಮಾತ್ರ ಸಿಗುತ್ತದೆ.

ಗಟ್ಟಿ ಆಕ್ಷೇಪ ಇನ್ನೊಂದಿದೆ, ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನದ ಹುದ್ದೆ ಖಾಲಿ ಇದೆ, ಅತಿಥಿ ಶಿಕ್ಷಕರು ಜೂನ್ ಕಳೆದ ಮೇಲೆ ಬರುತ್ತಾರೆ, ಬಂದವರು ಸಂಬಳ ಸಾಲದೆ ನಡುವೆ ಬಿಡುತ್ತಾರೆ. ಮೇಷ್ಟ್ರೇ ಇಲ್ಲದ ಕಡೆ ಮೇಷ್ಟ್ರ ಹೊತ್ತಿನ ಬಗ್ಗೆ ಉಪದೇಶ ಯಾಕೆ? ಅಲ್ಲಿ ಆನ್‌ಲೈನ್ ಪಾಠ ಬೇಕೇ ಬೇಕು ಎಂದು ಒಪ್ಪುತ್ತೇನೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿದೆ, ತುಮಕೂರಿನ ಆಚೆ ವಸಂತನರಸಾಪುರ ಕೈಗಾರಿಕಾ ಪ್ರದೇಶ ಬೆಳೆಯುತ್ತಿದೆ. ಪಕ್ಕದ ಹಳ್ಳಿಯ ಮಕ್ಕಳು ಅಲ್ಲಿ ಕಾವಲುಗಾರರಾಗಿ ಮಾತ್ರ ಸೇರಬಾರದು ಎಂದಾದರೆ ತ್ರಿಕೋನಮಿತಿ, ವಿದ್ಯುತ್ತು, ಒಂದಿಷ್ಟು ಕಂಪ್ಯೂಟರ್ ಬಂದಿರಲೇಬೇಕು. ನನ್ನ ತಕರಾರು ಆ ಪಾಠ ಎಲ್ಲಿ ನಡೆಯಬೇಕು ಎಂಬುದರ ಬಗ್ಗೆ. ಮನೆಯ ಫೋನಿಗೆ ಲಿಂಕ್ ಕಳಿಸಿದರೆ ಅದು ಕುಟುಂಬದ ತಲೆಗೆ ಕಟ್ಟಿದ ಹೊರೆ. ಫೋನ್ ಅಪ್ಪನ ಜೇಬಿನಲ್ಲಿರುತ್ತದೆ, ಅವನು ಹೊಲದಲ್ಲೋ ಗಾರೆ ಕೆಲಸದಲ್ಲೋ ಇರುತ್ತಾನೆ. ಮನೆಯಲ್ಲಿ ಇನ್ನೊಂದು ಫೋನಿದ್ದರೆ ಅದು ಮೊದಲು ಅಣ್ಣನ ಕೈಗೆ, ಆಮೇಲೆ ತಂಗಿಯ ಕೈಗೆ. ಅದೇ ಪಾಠ ವೇಳಾಪಟ್ಟಿಯೊಳಗೆ, ಶಾಲೆಯ ಕೋಣೆಯಲ್ಲಿ, ಬೇರೆ ವಿಷಯದ ಒಬ್ಬ ಶಿಕ್ಷಕರಾದರೂ ಪಕ್ಕದಲ್ಲಿದ್ದು, ಪಾಠ ಮುಗಿದ ಮೇಲೆ ತುಮಕೂರಿನಲ್ಲಿ ಕೂತ ವಿಷಯ ಶಿಕ್ಷಕರಿಗೆ ಮಕ್ಕಳು ನೇರ ಪ್ರಶ್ನೆ ಕೇಳುವಂತೆ ನಡೆದರೆ ಅದಕ್ಕೆ ಬೆಲೆಯಿದೆ. ಪ್ರಯೋಗಾಲಯವನ್ನು ಯಾರೂ ‘ಮನೆಯಲ್ಲೇ ಮಾಡಿಕೊಳ್ಳಿ’ ಎಂದು ಹೇಳುವುದಿಲ್ಲ. ಆನ್‌ಲೈನ್ ಪಾಠವೂ ಶಾಲೆಯ ಸೌಲಭ್ಯವಾಗಿಯೇ ಇರಬೇಕು.

ಕೃತಕ ಬುದ್ಧಿಮತ್ತೆ ಬಂತು, ಇನ್ನು ಈ ವಾದವೆಲ್ಲ ಸವಕಲು ಎನ್ನುವವರೂ ಇದ್ದಾರೆ. ಅವರು ಕೊಡಬಹುದಾದ ಉದಾಹರಣೆ ಗುಬ್ಬಿಯಲ್ಲೇ ಇದೆ. 1884ರಲ್ಲಿ ಇಲ್ಲಿ ಹುಟ್ಟಿದ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡನ್ನೇ ಆಳಿತು. ಸಿನಿಮಾ ಬಂದಾಗ ಅದನ್ನು ಮೊದಲೇ ಗುರುತಿಸಿ ಚಿತ್ರ ತಯಾರಿಕೆಗೆ ಇಳಿದವರಲ್ಲಿ ವೀರಣ್ಣನವರೂ ಒಬ್ಬರು. ಪರದೆ ರಂಗವನ್ನು ನುಂಗಿತಲ್ಲ, ಶಾಲೆಯನ್ನು ಬಿಡುತ್ತದೆಯೆ? ನೋಡಲು ಬಂದವರಿಗೆ ಪರದೆ ಸಾಕಾಯಿತು, ಒಪ್ಪಬೇಕು. ಆದರೆ ಆ ಕಂಪನಿಯಲ್ಲಿ ನಟನೆ ಕಲಿತವರು ನೋಡಿ ಕಲಿಯಲಿಲ್ಲ. ಬಣ್ಣ ಹಚ್ಚಿ, ತಪ್ಪಿ, ಬೈಸಿಕೊಂಡು, ಮತ್ತೆ ಮಾಡಿ ಕಲಿತರು. ಶಾಲೆಯ ಮಗು ಪ್ರೇಕ್ಷಕ ಅಲ್ಲ. ಕೃತಕ ಬುದ್ಧಿಮತ್ತೆ ಮಗುವಿನ ತಪ್ಪನ್ನು ಹಿಡಿದು ಮೇಷ್ಟ್ರ ಮುಂದಿಟ್ಟರೆ, ಮೂವತ್ತು ನೋಟ್‌ಬುಕ್ ತಿದ್ದುವ ಕೆಲಸವನ್ನು ಅರ್ಧಕ್ಕಿಳಿಸಿದರೆ, ಅದು ಮೇಲೆ ಹೇಳಿದ ಹೊತ್ತನ್ನು ಉಳಿಸಿಕೊಟ್ಟಂತೆ. ಮಗುವಿನ ಮನೆಗೆಲಸವನ್ನು ಅದೇ ಬರೆದುಕೊಟ್ಟರೆ ಆ ಹೊತ್ತೂ ಹೋಯಿತು, ಕಲಿಕೆಯೂ ಹೋಯಿತು.

ಶಾಲೆಯ ಅಗತ್ಯ ಬದಲಾಗಿದೆ ಎನ್ನುವಾಗ ಬದಲಾಗದ ಅಗತ್ಯಗಳನ್ನು ಮರೆಯುವ ಅಪಾಯವೂ ಇದೆ. ಸುಮಾರು ಹತ್ತು ಸಾವಿರ ಮಕ್ಕಳಿಗೆ ಊಟ, ವಸತಿ, ವಿದ್ಯೆ ಒಟ್ಟಿಗೇ ಕೊಡುವ ಸಿದ್ಧಗಂಗಾ ಮಠ ತುಮಕೂರಿನ ಅಂಚಿನಲ್ಲೇ ಇದೆ. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಸೇರಿಸಿ ಅಲ್ಲಿ ತ್ರಿವಿಧ ದಾಸೋಹ ಎನ್ನುತ್ತಾರೆ. ಸರ್ಕಾರಿ ಶಾಲೆ ಕೂಡ ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಈಗ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಜಾಗ. 2020-21ರಲ್ಲಿ ಅಕ್ಕಿ, ಬೇಳೆಯನ್ನು ಮನೆಗೆ ಹಂಚಿದರೂ ಅದು ಮಗುವಿನ ತಟ್ಟೆಗೇ ಬಿತ್ತು ಎಂದು ಖಾತ್ರಿ ಇರಲಿಲ್ಲ. ಅನ್ನ, ಅಕ್ಷರ, ಆಶ್ರಯ ಈ ಮೂರರಲ್ಲಿ ಡೌನ್‌ಲೋಡ್ ಮಾಡಬಹುದಾದದ್ದು ಅಕ್ಷರ ಒಂದೇ, ಅದೂ ಅರ್ಧ.

ಮಾಡಬಹುದಾದದ್ದು ದೊಡ್ಡ ಯೋಜನೆಯೇನೂ ಅಲ್ಲ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಹಲವು ಕಡೆ ಅಲ್ಲಿ ಕಂಪ್ಯೂಟರೂ ಇದೆ, ಇಂಟರ್‌ನೆಟ್ಟೂ ಇದೆ. ಶಾಲೆ ಬಿಡುವ ನಾಲ್ಕೂವರೆಯಿಂದ ರಾತ್ರಿ ಎಂಟರವರೆಗೆ ಅದು ತೆರೆದಿದ್ದರೆ, ಹೆಣ್ಣುಮಕ್ಕಳೂ ಬಂದು ಕೂರುವಂತೆ ಒಬ್ಬ ಮೇಲ್ವಿಚಾರಕಿ ಇದ್ದರೆ, ಹತ್ತನೇ ತರಗತಿ ಮತ್ತು ಪಿಯು ಮಕ್ಕಳ ಆನ್‌ಲೈನ್ ಓದಿಗೆ ಹೊಸ ಕಟ್ಟಡ ಬೇಕಿಲ್ಲ. ಅದಕ್ಕೂ ಮೊದಲು ಗುಬ್ಬಿ, ಕುಣಿಗಲ್‌ನ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗಳು ತಮ್ಮ ಶಿಕ್ಷಕರು ವಾರಕ್ಕೆ ಎಷ್ಟು ಗಂಟೆ ಅಪ್‌ಲೋಡ್ ಮಾಡುತ್ತಾರೆ ಎಂಬ ಪಟ್ಟಿ ತರಿಸಿಕೊಳ್ಳಲಿ. ಕಾಗದದ ಮೇಲೆ, ಒಂದೇ ಸಲ ಸಾಕು. ಹೊಸ ಟ್ಯಾಬ್ಲೆಟ್‌ಗಳ ಟೆಂಡರ್ ಕರೆಯುವ ಮುನ್ನ ಆ ಪಟ್ಟಿಯಲ್ಲಿ ಯಾವ ಯಾವ ಸಾಲನ್ನು ಹೊಡೆದುಹಾಕಬಹುದು, ಆ ಕೆಲಸವನ್ನು ಯಾವ ಗುಮಾಸ್ತರಿಗೆ ವಹಿಸಬಹುದು ಎಂದು ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಓದಲಿ.